ಎರಡು ಹನಿ ಜಾಸ್ತಿ ಇರಲಿ

ಸೀನ ಬಂದಾಗ ಅವನ ಮುರಿದ ಬ್ಯಾಡ್ಮಿಂಟನ್ ರ್ಯಾಕೆಟ್ಟಿಗೆ ಅರ್ಧ ಪುಟ ಪೇಪರ್ ಅಂಟಿಕೊಂಡಿತ್ತು. ಅದೂ ಕ್ರೀಡಾಪುಟವೇ. ರ್ಯಾಕೆಟ್ಟನ್ನು ಸ್ವಲ್ಪ ಓರೆ ಮಾಡಿದರೆ ಸ್ಕೋರ್ ಓದಬಹುದಿತ್ತು.

"ಮೂರು ದಿನ ಆಯ್ತು, ಇನ್ನೂ ಅಂಟಂಟು. ಎರಡು ಡಬ್ಬದ್ದು ಕಲೆಸಿ ಹಚ್ಚುವ ಆ ಎಪಾಕ್ಸಿ ಅಂಟು ಹಾಕಿದರೆ ಕಲ್ಲಾಗುತ್ತದೆ ಅಂದಿದ್ರಿ," ಎಂದ. ತಪ್ಪೆಲ್ಲ ನಮ್ಮದೇ ಅನ್ನುವ ಮುಖ.

ವನಜಾ ಬೆರಳಿಂದ ಒತ್ತಿ ನೋಡಿದಳು. "ಹಾರ್ಡನರ್ ಎಷ್ಟು ಹಾಕಿದೆ?"

"ಎರಡು ಹನಿ ಜಾಸ್ತಿನೇ ಹಾಕಿದೆ. ಬೇಗ ಗಟ್ಟಿಯಾಗಲಿ ಅಂತ."

ನಾನೂ ಮಂಜುವೂ ಮುಖ ಮುಖ ನೋಡಿಕೊಂಡೆವು. ವನಜಾ ಸ್ವಂತ ಕೈಯಿಂದ ಕಯಾಕ್ ದೋಣಿ ಕಟ್ಟಿದವಳು. ಅವಳ ಮುಂದೆ 'ಎರಡು ಹನಿ ಜಾಸ್ತಿ' ಅನ್ನುವುದು, ದರ್ಜಿಯ ಮುಂದೆ 'ಅಳತೆ ಯಾಕೆ, ಸುಮ್ನೆ ಹೊಲಿ' ಅಂದ ಹಾಗೆ.

"ಲೋ ಸೀನ, ಇದು ಆರಿ ಒಣಗುವ ಗೋಂದಲ್ಲ ಕಣೋ. ರೆಸಿನ್ ಒಂದು ಕಡೆ, ಹಾರ್ಡನರ್ ಒಂದು ಕಡೆ. ಎರಡೂ ಕೈ ಕೈ ಹಿಡಿದು ಬಲೆ ಹೆಣೆಯುತ್ತವೆ. ಒಂದು ಕಡೆಯವರು ಜಾಸ್ತಿ ಬಂದರೆ ಕೈ ಖಾಲಿ ಉಳಿದವರು ಎಲ್ಲಿಗೆ ಹೋಗಬೇಕು?"

"ಎಲ್ಲಿಗೆ?"

"ಅಂಟಂಟಾಗಿ ಅಲ್ಲೇ ಉಳಿಯುತ್ತಾರೆ. ಪೇಪರ್ ಸಿಕ್ಕಿದರೆ ಪೇಪರ್, ನಿನ್ನ ಬೆರಳು ಸಿಕ್ಕಿದರೆ ಬೆರಳು."

ಒಂದಕ್ಕೊಂದು, ಎರಡಕ್ಕೊಂದು, ಐದಕ್ಕೊಂದು, ಹೀಗೆ ಒಂದೊಂದು ಕಂಪನಿಯದ್ದು ಒಂದೊಂದು ಅಳತೆ. ಅದರಲ್ಲೂ ತೂಕದ ಲೆಕ್ಕ ಬೇರೆ, ಗಾತ್ರದ ಲೆಕ್ಕ ಬೇರೆ. ಡಬ್ಬದ ಮೇಲೆ ಬರೆದಿರುತ್ತದೆ, ನಾವು ಓದುವುದಿಲ್ಲ, ಅಷ್ಟೇ. ಹನಿ ಹೆಚ್ಚು ಕಮ್ಮಿ ಮಾಡಿ ವೇಗ ಬದಲಾಯಿಸುವ ಆಟ ಪಾಲಿಯೆಸ್ಟರ್ ಅನ್ನುವ ಬೇರೆ ಬಗೆಯ ರೆಸಿನ್ನಿನಲ್ಲಿ ಒಂದು ಮಿತಿಯೊಳಗೆ ನಡೆಯುತ್ತದೆ. ಅಲ್ಲಿ ಕಲಿತ ಚಾಳಿ ಇಲ್ಲಿ ಕೈಕೊಡುತ್ತದೆ. ಎಪಾಕ್ಸಿ ಬೇಗ ಕೂರಬೇಕು ಅಂದರೆ ಬೇಗ ಕೂರುವ ಹಾರ್ಡನರ್ರನ್ನೇ ತರಬೇಕು.

"ನಾನು ಅಳತೆ ಸರಿಯಾಗೇ ಹಾಕಿದ್ದೆ," ಎಂದ ಮಂಜು. "ಆದರೂ ಲೋಟ ಹೊಗೆಯಾಡಿತು."

ಅವನು ಒಂದು ದೊಡ್ಡ ಲೋಟದ ತುಂಬಾ ಕಲೆಸಿ, ಫೋನ್ ಬಂತೆಂದು ಹೊರಗೆ ಹೋಗಿದ್ದ. ಎರಡೂ ಸೇರುವಾಗ ಬಿಸಿ ಹುಟ್ಟುತ್ತದೆ. ತೆಳ್ಳಗೆ ಹರಡಿದರೆ ಆ ಬಿಸಿ ಹೋಗಲು ದಾರಿ ಇರುತ್ತದೆ. ಲೋಟದಲ್ಲಿ ಗುಂಪಾಗಿ ಕೂತರೆ ಬಿಸಿಯಿಂದ ವೇಗ, ವೇಗದಿಂದ ಇನ್ನಷ್ಟು ಬಿಸಿ. ಅವನು ವಾಪಸ್ ಬರುವಷ್ಟರಲ್ಲಿ ಲೋಟ ಸೊಟ್ಟಗಾಗಿತ್ತು. ಕಲೆಸಿದ ಕಡ್ಡಿ ನಟ್ಟ ನಡುವೆ ಧ್ವಜಸ್ತಂಭದ ಹಾಗೆ ನಿಂತಿತ್ತು.

"ಇಷ್ಟು ಹಟಮಾರಿ ವಸ್ತುವನ್ನು ಯಾರಪ್ಪಾ ಕಂಡುಹಿಡಿದಿದ್ದು?" ಎಂದ ಸೀನ.

"ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಪಿಯರ್ ಕಾಸ್ಟಾನ್ 1930ರ ದಶಕದಲ್ಲಿ ಇದರ ಹಿಂದೆ ಬಿದ್ದಿದ್ದು ಕಟ್ಟಿಸುವ ಹಲ್ಲಿಗಾಗಿ," ಎಂದಳು ವನಜಾ.

"ಅದಕ್ಕೇ ಕಚ್ಚಿದರೆ ಬಿಡಲ್ಲ," ಎಂದ ಮಂಜು.

ಸೀನ ನಗಲಿಲ್ಲ. "ಈಗ ಸರಿ ಅಳತೆಯಲ್ಲಿ ಹಾಕಿದರೆ ರ್ಯಾಕೆಟ್ ನಿಲ್ಲುತ್ತದಾ?"

ಇಲ್ಲಿ ನನಗೆ ಗೊತ್ತಿರುವ ಒಂದೇ ವಿಷಯ ಬಂತು, ಬಿಡಲಿಲ್ಲ. ಆ ರ್ಯಾಕೆಟ್ಟೇ ಅರ್ಧ ಎಪಾಕ್ಸಿ. ಕಾರ್ಬನ್ ನಾರಿನ ಬಟ್ಟೆಗೆ ಎಪಾಕ್ಸಿ ಕುಡಿಸಿ, ಅಚ್ಚಿನಲ್ಲಿಟ್ಟು ಬೇಯಿಸಿದ್ದು. ಎಳೆತ ತಡೆಯುವುದು ನಾರು, ನಾರು ಅಲ್ಲಾಡದಂತೆ ಹಿಡಿಯುವುದು ಎಪಾಕ್ಸಿ. ಒಳ್ಳೆಯ ಸೈಕಲ್ ಫ್ರೇಮ್, ಹಾಕಿ ಸ್ಟಿಕ್, ಗಾಲ್ಫ್ ಕೋಲು ಎಲ್ಲದರಲ್ಲೂ ಇದೇ ಸಂಸಾರ. ಸೀನನ ಫ್ರೇಮಿನಲ್ಲಿ ಮುರಿದಿದ್ದು ನಾರು. ಅವನು ಹಚ್ಚಿದ್ದು ಬರೀ ಅಂಟು. ಒಂದೊಂದು ತಂತಿ ಇಪ್ಪತ್ತಕ್ಕೂ ಹೆಚ್ಚು ಪೌಂಡ್ ಎಳೆಯುವಾಗ ಅಂಟೊಂದೇ ಏನು ಮಾಡೀತು? ಸುತ್ತ ಹೊಸ ಕಾರ್ಬನ್ ಬಟ್ಟೆ ಸುತ್ತಬೇಕು. ಸುತ್ತಿದರೆ ತೂಕ ಏರಿ, ರ್ಯಾಕೆಟ್ ಸುತ್ತಿಗೆ ಆಗುತ್ತದೆ.

"ಹಾಗಾದರೆ ನನ್ನ ಬ್ಯಾಟು?" ಮಂಜುವಿನ ಬ್ಯಾಟಿನ ಅಂಚು ಸೀಳಿತ್ತು.

"ಅದಕ್ಕೆ ಮರದ ಗೋಂದೇ ವಾಸಿ," ಎಂದಳು ವನಜಾ. "ಬ್ಯಾಟಿನ ವಿಲೋ ಮರ ಬಾಗುತ್ತದೆ, ಗಟ್ಟಿ ಎಪಾಕ್ಸಿ ಬಾಗಲ್ಲ. ಚೆಂಡು ಬಿದ್ದಾಗ ಹೊಸ ಬಿರುಕು ಪಕ್ಕದಲ್ಲೇ ಹುಟ್ಟುತ್ತದೆ. ಬಿರುಕಿನ ತುಂಬಾ ಅಂಟು ಸುರಿದರೆ ಕ್ರಿಕೆಟ್ ನಿಯಮವೂ ಒಪ್ಪಲ್ಲ. ರಿಪೇರಿಗೆ ಬ್ಲೇಡಿನೊಳಗೆ ಮರದ ತುಂಡು ಸೇರಿಸಬಹುದು, ಅಂಟು ಎಷ್ಟು ಅಗತ್ಯವೋ ಅಷ್ಟೇ."

ವನಜಾಳಿಗೆ ಪ್ರೀತಿ ಇರುವುದು ಗಾಳದ ಕೋಲಿನ ಕೆಲಸದಲ್ಲಿ. ದಾರ ಹಾಯುವ ಪುಟ್ಟ ಬಳೆಗಳನ್ನು ಕೋಲಿಗೆ ನೂಲಿನಿಂದ ಬಿಗಿದು, ಮೇಲೆ ಎಪಾಕ್ಸಿ ಸವರುತ್ತಾಳೆ. ಹಾಗೇ ಬಿಟ್ಟರೆ ಅದು ಕೆಳಗಿಳಿದು ಜೋತು ಬೀಳುತ್ತದೆ. ಅದಕ್ಕೇ ಕೋಲನ್ನು ಸಣ್ಣ ಮೋಟಾರಿಗೆ ಸಿಕ್ಕಿಸಿ ಗಂಟೆಗಟ್ಟಲೆ ನಿಧಾನಕ್ಕೆ ತಿರುಗಿಸುತ್ತಾಳೆ. ಒಮ್ಮೆ ಹತ್ತಿರ ಕೂತು ನೋಡಿದ್ದೆ. ನೂಲಿನ ಎಳೆಗಳ ನಡುವಿನಿಂದ ಗುಳ್ಳೆ ಒಂದೊಂದಾಗಿ ಮೇಲೆ ಬಂದು, ಉಸಿರು ತಾಗಿದ ಹಾಗೆ ಒಡೆದುಹೋಗುತ್ತಿತ್ತು. ಕೊನೆಗೆ ನೂಲಿನ ಮೇಲೆ ಗಾಜಿನ ಉಂಗುರ ಕೂತಿತು. ನಾನು ಮುಟ್ಟಲು ಹೋಗಿ ಏಟು ತಿಂದೆ. "ಗ್ಲೌಸ್ ಹಾಕದೆ ಮುಟ್ಟಬೇಡ. ಇವತ್ತು ಏನೂ ಆಗಲ್ಲ. ಮೈಗೆ ಒಮ್ಮೆ ಅಲರ್ಜಿ ಹತ್ತಿದರೆ ಮತ್ತೆ ಬಿಡಲ್ಲ. ಕೈಗೆ ತಾಗಿದರೆ ಸೋಪು ಹಾಕು, ಥಿನ್ನರ್ ಸುರಿಯಬೇಡ."

ಇಷ್ಟಾದ ಮೇಲೆ ಸೀನ ತೆಪ್ಪಗಿರುತ್ತಾನೆ ಅಂದುಕೊಂಡೆವು. ಅವನು ಬಾಂಬ್ ಹಾಕಿದ. "ಸರಿ, ರ್ಯಾಕೆಟ್ ಬಿಡಿ. ಗ್ಯಾರೇಜಿನ ನೆಲಕ್ಕೆ ಎಪಾಕ್ಸಿ ಹಾಕ್ತೀನಿ. ಸುರಿಯುವುದು, ಹರಡುವುದು, ಅಷ್ಟೇ ಅಲ್ವಾ?"

ವನಜಾ ಕಣ್ಣು ಮುಚ್ಚಿಕೊಂಡಳು.

ಸುರಿಯುವುದು ಕೊನೆಯ ದಿನದ ಕೆಲಸ. ಅದಕ್ಕೆ ಮುಂಚೆ ನೆಲವನ್ನು ಗ್ರೈಂಡರ್ ಹಾಕಿ ಉಜ್ಜಬೇಕು, ಕಾಂಕ್ರೀಟಿನ ಮೈ ಉಪ್ಪು ಕಾಗದದ ಹಾಗೆ ತರಿತರಿ ಆಗಬೇಕು. ಎಣ್ಣೆ ಕಲೆ, ಧೂಳು ಒಂದೂ ಇರಬಾರದು. ಹೊಸ ಕಾಂಕ್ರೀಟಾದರೆ ಕನಿಷ್ಠ 28 ದಿನ ಕಾಯಬೇಕು. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕು ಕಡೆ ಟೇಪ್ ಹಚ್ಚಿ ಮಾರನೇ ದಿನ ಎತ್ತಿ ನೋಡಬೇಕು. ಅಡಿಯಲ್ಲಿ ಬೆವರು ಕಂಡರೆ, ನೆಲ ಕಪ್ಪಾಗಿದ್ದರೆ, ಕೆಳಗಿನ ತೇವ ಎಪಾಕ್ಸಿಯನ್ನು ಮೇಲೆತ್ತುತ್ತದೆ. ಉಜ್ಜದೆ ಹಾಕಿದ ಕಡೆ ಬಿಸಿ ಟೈರ್ ನಿಂತು ಹೊರಟಾಗ ಎಪಾಕ್ಸಿ ಟೈರಿನ ಜೊತೆಗೇ ಹೊರಡುತ್ತದೆ.

"ಬೆಳಿಗ್ಗೆ ಬೇಗ ಶುರು ಮಾಡಲಾ?"

"ಬೇಡ, ಸಂಜೆ. ಬಿಸಿಲೇರುವಾಗ ನೆಲದೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಮೈತುಂಬಾ ಗುಳ್ಳೆ. ತಣಿಯುವಾಗ ಅದು ಕಡಿಮೆ. ಕಲೆಸಿದ್ದನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂರಬೇಡ, ತಕ್ಷಣ ಸಾಲು ಸಾಲಾಗಿ ಸುರಿ. ಬಿಸಿಲು ಬೀಳುವ ಜಾಗ ಹಳದಿಯಾಗುತ್ತದೆ, ಅಲ್ಲಿ ಮೇಲೆ ಪಾಲಿಯುರೆಥೇನ್ ಲೇಪ ಬೇಕು. ನೀರು ಬಿದ್ದರೆ ಜಾರುತ್ತದೆ, ಸ್ವಲ್ಪ ಸಣ್ಣ ಮರಳು ಉದುರಿಸು."

"ಹಸಿ ನೆಲದ ಮೇಲೆ ನಡೆಯುವುದು ಹೇಗೆ?"

"ಅದಕ್ಕೇ ಮುಳ್ಳಿನ ಚಪ್ಪಲಿ ಬರುತ್ತದೆ, ಶೂ ಮೇಲೆ ಕಟ್ಟಿಕೊಳ್ಳುವುದು. ಮುಳ್ಳು ಊರಿದ ತೂತು ತಾನೇ ಮುಚ್ಚಿಕೊಳ್ಳುತ್ತದೆ."

ಸೀನನ ಮುಖ ಅರಳಿತು. "ನನ್ನ ಹತ್ತಿರ ಕ್ರಿಕೆಟ್ ಸ್ಪೈಕ್ಸ್ ಇದೆ!"

"ಅದರ ಮುಳ್ಳು ಗಿಡ್ಡ ಕಣೋ, ಅಟ್ಟೆಯೂ ತಾಗುತ್ತದೆ. ಇನ್ನೊಂದು ಮಾತು. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲೆಸು, ಅದಕ್ಕೆ ಎಪಾಕ್ಸಿ ಕಚ್ಚಲ್ಲ. ಗಟ್ಟಿಯಾದ ಮೇಲೆ ತಟ್ಟಿದರೆ ಉದುರುತ್ತದೆ. ತಳ, ಅಂಚು ಕೆರೆದು ಕೆರೆದು ಕಲೆಸು. ಕೊನೆಯ ಹನಿ ಬೀಳಲಿ ಅಂತ ಬಕೆಟ್ ಬೋರಲು ಹಾಕಬೇಡ. ಅಂಚಿನಲ್ಲಿ ಸರಿಯಾಗಿ ಕಲೆಯದೆ ಉಳಿದದ್ದು ನೆಲಕ್ಕೆ ಬಿದ್ದರೆ ಅಲ್ಲಿ ಯಾವತ್ತೂ ಅಂಟಂಟು."

ಎರಡು ವಾರ ಬಿಟ್ಟು ನೋಡಲು ಹೋದೆವು. ನೆಲ ನಿಜಕ್ಕೂ ಚೆನ್ನಾಗಿತ್ತು. ಒಂದು ಮೂಲೆಯಿಂದ ಬಾಗಿಲ ತನಕ ಅಟ್ಟೆಯ ಗುರುತು ಸಾಲಾಗಿತ್ತು, ಅದನ್ನು ಯಾರೂ ಎತ್ತಿ ಆಡಲಿಲ್ಲ. ನಡುವೆ ಒಂದು ತಗಡಿನ ಬಕೆಟ್ ಬೋರಲಾಗಿ ಕೂತಿತ್ತು.

ಮಂಜು ಕಾಲಿನಿಂದ ತಳ್ಳಿದ. ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಎಳೆದ. ಊಹೂಂ.

"ಪ್ಲಾಸ್ಟಿಕ್ ಅಂದಿದ್ದೆ," ಎಂದಳು ವನಜಾ.

"ತಗಡು ಗಟ್ಟಿ ಅಂತ ತಂದೆ," ಎನ್ನುತ್ತಾ ಸೀನ ಅದರ ಮೇಲೆ ಕೂತು ಶೂ ಲೇಸ್ ಕಟ್ಟಿಕೊಂಡ. "ಎತ್ತರವೂ ಸರಿಯಾಗಿದೆ."