ಅಪ್‌ಡೇಟ್: ಹೊಸ ವಿದ್ಯಾರ್ಥಿಗಳ ಓರಿಯೆಂಟೇಷನ್, ಭಾಷಣ ಕಡಿಮೆ ಮಾಡಿದ ಮೇಲೆ

ಹಿಂದೆ ನಾನು ಕೇಳಿದ್ದ ಪ್ರಶ್ನೆ ಇಷ್ಟು: 240 ಹೊಸಬರಿಗೆ ಮೂರು ಗಂಟೆ ಭಾಷಣ ಕೇಳಿಸದೆ ಕಾಲೇಜಿನ ಪರಿಚಯ ಮಾಡಿಸುವುದು ಹೇಗೆ? ಬಂದ ಸಲಹೆಗಳಲ್ಲಿ ಕೆಲಸಕ್ಕೆ ಬಂದದ್ದು ಇಲ್ಲಿದೆ.

ಸಭಾಂಗಣದ ಭಾಷಣ 20 ನಿಮಿಷಕ್ಕೆ ನಿಂತಿತು. ಆಮೇಲೆ 12 ಜನರಂತೆ 20 ಗುಂಪು, ಪ್ರತಿ ಗುಂಪಿಗೆ ಇಬ್ಬರು ಹಿರಿಯ ವಿದ್ಯಾರ್ಥಿಗಳು. ಗುಂಪಿನಲ್ಲಿ ಎಲ್ಲ ವಿಭಾಗದವರೂ ಬೆರೆತಿರಲಿ. ಇಲ್ಲದಿದ್ದರೆ ಮೊದಲೇ ಪರಿಚಯವಿದ್ದವರು ತಮ್ಮತಮ್ಮಲ್ಲೇ ಮಾತಾಡಿಕೊಂಡು ಉಳಿದವರು ಮೂಲೆಗೆ ಸರಿಯುತ್ತಾರೆ.

ಕ್ಯಾಂಪಸ್ ಸುತ್ತಾಟಕ್ಕೆ ಆರು ತಾಣ, ತಲಾ 10 ನಿಮಿಷ, ನಡೆಯಲು 5 ನಿಮಿಷ, ಒಟ್ಟು 90 ನಿಮಿಷ. ಎಲ್ಲರೂ ಒಂದೇ ತಾಣದಿಂದ ಹೊರಟರೆ ಗ್ರಂಥಾಲಯದ ಬಾಗಿಲಲ್ಲೇ ಸರತಿ ನಿಲ್ಲುತ್ತದೆ. ಆದ್ದರಿಂದ ಪ್ರತಿ ತಾಣದಿಂದ ಮೂರು-ನಾಲ್ಕು ಗುಂಪು ಶುರುಮಾಡಿ, ಗಂಟೆ ಬಾರಿಸಿದಾಗ ಮುಂದಕ್ಕೆ ಹೋಗಬೇಕು. ತಾಣದಲ್ಲಿ ವಿವರಣೆ ಬೇಡ, ಕೆಲಸ ಕೊಡಿ: ಕ್ರಮಸಂಖ್ಯೆ ನೋಡಿ ಪುಸ್ತಕ ಹುಡುಕುವುದು, ಕಚೇರಿಯಲ್ಲಿ ರಜೆ ಅರ್ಜಿ ತುಂಬುವುದು. ಕೈಯಾರೆ ಮಾಡಿದ್ದು ನೆನಪಿರುತ್ತದೆ.

ತಾಣದ ಪ್ರಶ್ನೆಗಳಿಗೆ ಫೋನಿನಲ್ಲಿ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಒಂದನ್ನೇ ನಂಬಬೇಡಿ. ನೂರಾರು ಫೋನ್ ಒಟ್ಟಿಗೆ ಸೇರಿದರೆ ವೈಫೈ ಕುಸಿಯಬಹುದು. ಮುದ್ರಿತ ಪ್ರಶ್ನೆಪತ್ರ ಜೊತೆಗಿರಲಿ. ಗಾಲಿಕುರ್ಚಿ ಸಾಗುವ ದಾರಿಯನ್ನು ಹಿಂದಿನ ದಿನವೇ ನಡೆದು ನೋಡಿ.

ವೇದಿಕೆ ಹತ್ತಿಸಿ ಹಾಡಿಸುವುದು, ಕುಣಿಸುವುದು ಬೇಡವೇ ಬೇಡ, ಅದು ರ್‍ಯಾಗಿಂಗ್‌ನ ಹೊಸ್ತಿಲು. ಪರಿಚಯಕ್ಕೆ ಇಬ್ಬಿಬ್ಬರು ಎರಡು ನಿಮಿಷ ಮಾತಾಡಿ, ನಂತರ ನಾಲ್ವರಾಗಲಿ. ಸಂಕೋಚದವರಿಗೂ ಬಾಯಿ ಬರುತ್ತದೆ. ಮೈಕ್ ಬದಲು ಹೆಸರಿಲ್ಲದ ಚೀಟಿ ಇಟ್ಟರೆ ಶುಲ್ಕ, ಹಾಜರಾತಿ, ಮನೆನೆನಪಿನ ನಿಜವಾದ ಪ್ರಶ್ನೆಗಳು ಹೊರಬೀಳುತ್ತವೆ. ಉತ್ತರಗಳನ್ನು ಅಂದೇ ಸಂಜೆ ಫಲಕಕ್ಕೆ ಹಚ್ಚಿ.

ಅದೇ ಗುಂಪುಗಳನ್ನು ಮೂರನೇ ವಾರ ಅರ್ಧ ಗಂಟೆ ಮತ್ತೆ ಸೇರಿಸಬೇಕು.