ಅಜ್ಜಿಯ ಬೋರಮಾಳ, ತಂಗಿಯ ಝುಮಕಿ: ಪತ್ತಾರರ ಹತ್ತಿರ ಒಡವೆ ಮಾಡಿಸಿದವರು ಹೇಳಿ

ಗಂಗಾವತಿಯಿಂದ, ಕೇಳಿದವರು:
ಮುಂದಿನ ಬೇಸಿಗೆಗೆ ತಂಗಿಯ ಮದುವೆ ಇದೆ. ಒಂದು ಜೊತೆ ಝುಮಕಿ, ಎರಡು ಪಾಟ್ಲಿ (ಚಿನ್ನದ ಬಳೆ) ಮಾಡಿಸಬೇಕು. ಶೋರೂಮಿನಲ್ಲಿ ನೋಡಿದ್ದೆಲ್ಲ ಒಂದೇ ಥರ ಕಾಣಿಸಿತು. ಅಜ್ಜಿಯ ಬೋರಮಾಳ, ಅಂದರೆ ಚಿನ್ನದ ಗುಂಡಿನ ಸರ, ಒಂದಿದೆ, ಕೆಲವು ಗುಂಡು ಜಜ್ಜಿಹೋಗಿವೆ. ಅದಕ್ಕೂ ಏನಾದರೂ ಮಾಡಬೇಕು. ಅಪ್ಪನಿಗೆ ಪರಿಚಯದ ಪತ್ತಾರರು (ಅಕ್ಕಸಾಲಿಗರು) ಇದ್ದಾರೆ. ಚಿಕ್ಕ ಅಂಗಡಿ, ತಂದೆ ಮಕ್ಕಳು ಕೂತು ಕೈಯಲ್ಲೇ ಮಾಡುತ್ತಾರೆ. ಅಮ್ಮನಿಗೆ ಚಿನ್ನದ ಶುದ್ಧತೆ ಬಗ್ಗೆ ಅನುಮಾನ. ಇಂಥ ಕಡೆ ಮಾಡಿಸಿದವರು ದಯವಿಟ್ಟು ಹೇಳಿ. ಹೋದಾಗ ಏನು ಕೇಳಬೇಕು, ಏನು ಬರೆಸಿಕೊಳ್ಳಬೇಕು?

ಬಳ್ಳಾರಿಯಿಂದ:
ಧೈರ್ಯವಾಗಿ ಹೋಗಮ್ಮ. ನನ್ನ ಮದುವೆಯ ಒಡವೆ, ಆಮೇಲೆ ಮಗಳದ್ದು, ಎಲ್ಲ ಕಾಳಮ್ಮ ಬೀದಿ ಕಡೆಯ ಒಂದೇ ಮನೆಯವರ ಕೈಕೆಲಸ. ಮೊದಲು ಅಪ್ಪ ಮಾಡುತ್ತಿದ್ದರು, ಈಗ ಮಗ ಮಾಡುತ್ತಾನೆ.

ಮುಖ್ಯವಾಗಿ ತಂಗಿಯನ್ನು ಕರೆದುಕೊಂಡು ಹೋಗು. ಮೊಬೈಲಿನಲ್ಲಿ ಫೋಟೋ ತೋರಿಸಿ ಬಂದರೆ ಸಾಲದು. ನಮ್ಮ ಪತ್ತಾರರು ಮಗಳನ್ನು ಎದುರಿಗೆ ಕೂರಿಸಿಕೊಂಡು ಮೊದಲು ನೋಡಿದ್ದು ಅವಳ ಕಿವಿ. ಹಾಲೆ ತೆಳು ಇದೆ, ನೀವು ಹೇಳಿದಷ್ಟು ತೂಕ ಹಾಕಿದರೆ ತೂತು ಇಳಿಯುತ್ತದೆ ಅಂದರು. ಬುಟ್ಟಿ ಸ್ವಲ್ಪ ಚಿಕ್ಕದು ಮಾಡಿ, ಕೂದಲಿಗೆ ಸಿಕ್ಕಿಸುವ ಸರಪಳಿಯಲ್ಲಿ ಭಾರ ಹೊರಿಸಿದರು. ಈಗ ಅವಳು ಹಬ್ಬ, ಮದುವೆ ಎಲ್ಲದಕ್ಕೂ ಅದನ್ನೇ ಹಾಕುತ್ತಾಳೆ. ಮಾಡುವವರ ಜೊತೆಗೇ ಮಾತಾಡುವುದರಲ್ಲಿ ಇರುವ ಲಾಭ ಇದು. ಕೌಂಟರಿನಲ್ಲಿ ನಿಂತು ಮಾರುವವರಿಗೆ ಇದು ಹೊಳೆಯುವುದು ಕಷ್ಟ.

ಇನ್ನು ದುಡ್ಡಿನ ಮಾತು. ವೇಸ್ಟೇಜ್ (ಮಾಡುವಾಗ ಸವೆದುಹೋಗುವ ಚಿನ್ನ) ಎಷ್ಟು, ಮಜೂರಿ (ಕೂಲಿ) ಎಷ್ಟು, ಎರಡೂ ಬೇರೆ ಬೇರೆಯಾ ಅಂತ ಮೊದಲೇ ಕೇಳು. 10 ಗ್ರಾಂ ಒಡವೆಗೆ ಶೇ 8 ವೇಸ್ಟೇಜ್ ಅಂದರೆ 10.8 ಗ್ರಾಂ ಚಿನ್ನದ ದುಡ್ಡು ಕೊಡುತ್ತೀಯ. ಅದರ ಮೇಲೆ ಮಜೂರಿಯನ್ನೂ ಹಾಕಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಹಾಗಂತ ಕೈಕೆಲಸದ ಮಜೂರಿಯನ್ನು ಜಗ್ಗಾಡಿ ಜಾಸ್ತಿ ಇಳಿಸಬೇಡ. ಝುಮಕಿಯ ಅಂಚಿಗೆ ಸಾಸಿವೆಯಷ್ಟು ಗುಂಡುಗಳನ್ನು ಒಂದೊಂದಾಗಿ ಕೂರಿಸಿ ಬೆಸೆಯಬೇಕು. ಆ ಕೆಲಸಕ್ಕೆ ತಕ್ಕ ಕೂಲಿ ಸಿಗಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಚೀಟಿಯಲ್ಲಿ ಚಿನ್ನದ ತೂಕ, ಕ್ಯಾರೆಟ್, ಮಜೂರಿ, ಕೊಟ್ಟ ಮುಂಗಡ ಎಲ್ಲ ಬರೆಸು. ಯಾವ ದಿನದ ರೇಟು ಅಂತಲೂ ಇರಲಿ, ಮುಂಗಡ ಕೊಟ್ಟ ದಿನದ್ದೋ ಒಡವೆ ತರುವ ದಿನದ್ದೋ. ಜಗಳ ಹುಟ್ಟುವುದೆಲ್ಲ ಇಲ್ಲೇ. ಹರಳು ಕೂರಿಸಿದ್ದರೆ ಹರಳಿನ ತೂಕ ಬೇರೆ, ಚಿನ್ನದ ತೂಕ ಬೇರೆ ಬರೆಯಬೇಕು. ಅಪ್ಪನ ಪರಿಚಯ ಅಂತ ಸಂಕೋಚ ಪಡಬೇಡ. ಒಳ್ಳೆಯ ಪತ್ತಾರರು ಅವರೇ ಬರೆದುಕೊಡುತ್ತಾರೆ.

ರಾಯಚೂರಿನಿಂದ:
ಅಮ್ಮನ ಅನುಮಾನ ಸರಿಯಾಗೇ ಇದೆ, ಸುಮ್ನೆ ತಳ್ಳಿಹಾಕಬೇಡಿ. ನಮ್ಮ ಸಂಬಂಧಿಕರೊಬ್ಬರಿಗೆ ಒಂದು ಅಂಗಡಿಯಲ್ಲಿ "ಇದು ಕೆಡಿಎಂ ರೀ, ಚಿಂತೆ ಬೇಡ" ಅಂತ ಹೇಳಿ ಸರ ಕೊಟ್ಟಿದ್ದರು. ವರ್ಷಗಳ ಮೇಲೆ ಕರಗಿಸಿದಾಗ ಟಂಚ, ಅಂದರೆ ನೂರಕ್ಕೆ ಎಷ್ಟು ಅಚ್ಚ ಚಿನ್ನ ಅನ್ನುವ ಲೆಕ್ಕ, ಬಹಳ ಕಡಿಮೆ ಬಂತು. ಕೆಡಿಎಂ ಅನ್ನುವುದು ಬೆಸುಗೆಗೆ ಸಂಬಂಧಿಸಿದ್ದು, ಅಂದರೆ ಕ್ಯಾಡ್ಮಿಯಂ ಬೆಸುಗೆ. ಇಡೀ ಒಡವೆಯ ಶುದ್ಧತೆಗೆ ಅದು ಗ್ಯಾರಂಟಿ ಅಲ್ಲ. ಅದರ ಹೊಗೆ ಕೆಲಸ ಮಾಡುವವರ ಶ್ವಾಸಕೋಶಕ್ಕೂ ಕೆಟ್ಟದ್ದು. ಇನ್ನೊಂದು ಮಾತು ನಮ್ಮ ಜಿಲ್ಲೆಯಲ್ಲಿ ಕಿವಿಗೆ ಬೀಳುತ್ತದೆ, "ಹಟ್ಟಿ ಚಿನ್ನ" ಅಂತ. ಹಟ್ಟಿ ಗಣಿ ಇಲ್ಲೇ ಲಿಂಗಸುಗೂರು ತಾಲ್ಲೂಕಿನಲ್ಲಿ ಇರುವುದು ನಿಜ. ಆದರೆ ಆ ಹೆಸರು ಹೇಳಿದ ಮಾತ್ರಕ್ಕೆ ಏನೂ ಸಾಬೀತಾಗಲ್ಲ.

ನೋಡಬೇಕಾದದ್ದು ಹಾಲ್‌ಮಾರ್ಕ್, ಅಂದರೆ ಶುದ್ಧತೆ ಪರೀಕ್ಷಿಸಿ ಒಡವೆ ಮೇಲೆ ಹಾಕುವ ಗುರುತು. ಅದರಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22 ಕ್ಯಾರೆಟ್ಟಿಗೆ 916 (ಸಾವಿರಕ್ಕೆ 916 ಪಾಲು ಅಚ್ಚ ಚಿನ್ನ), ಜೊತೆಗೆ ಅಕ್ಷರ ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಡವೆಗೇ ಮೀಸಲಾದ ಗುರುತಿನ ಸಂಖ್ಯೆ. ಈ ಎಚ್‌ಯುಐಡಿ 2023ರ ಏಪ್ರಿಲ್ 1ರಿಂದ ಕಡ್ಡಾಯ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಒಡವೆಯ ವಿವರ ಬರುತ್ತದೆ. ಆದರೆ ವರ್ಷಕ್ಕೆ 40 ಲಕ್ಷ ರೂಪಾಯಿವರೆಗೆ ವಹಿವಾಟು ಇರುವ ಅಂಗಡಿಗಳಿಗೆ ವಿನಾಯಿತಿ ಇದೆ. ಹಾಗಾಗಿ ನಿಮ್ಮ ಪತ್ತಾರರ ಹತ್ತಿರ ಬಿಐಎಸ್ ನೋಂದಣಿ ಇಲ್ಲ ಅಂದರೆ ಅವರು ಮೋಸಗಾರರು ಅಂತ ಅರ್ಥ ಅಲ್ಲ. ಹೋದ ದಿನವೇ ಕೇಳಿ: ಹಾಲ್‌ಮಾರ್ಕ್ ಮಾಡಿಸಿ ಕೊಡುತ್ತೀರಾ? ಇಲ್ಲ ಅಂದರೆ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ನೀವೇ ಒಡವೆ ಒಯ್ದು ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆವರೆಗೆ 200 ರೂಪಾಯಿ. "ಪರೀಕ್ಷೆ ಮಾಡಿಸಿ ನೋಡಿ ಬಾಕಿ ಕೊಡುತ್ತೇವೆ" ಅಂತ ಮೊದಲೇ ಹೇಳಿಬಿಡಿ. ಅದಕ್ಕೆ ಮುಖ ಗಂಟಿಕ್ಕುವ ಅಂಗಡಿ ಆದರೆ ಬೇರೆ ಕಡೆ ನೋಡಿ.

ಕೊಪ್ಪಳದಿಂದ:
ಅಕ್ಕ, ಬೋರಮಾಳವನ್ನು ಕರಗಿಸಬೇಡಿ! ನಮ್ಮ ಮನೆಯಲ್ಲಿ ಅಮ್ಮನದು ಹೀಗೇ ಜಜ್ಜಿತ್ತು. ಬೋರಮಾಳದ ಗುಂಡು ತೆಳು ತಗಡಿನದು, ಒಳಗೆ ಅರಗು ತುಂಬಿರುತ್ತಾರೆ. ಪತ್ತಾರರು ಕೆಟ್ಟ ಗುಂಡನ್ನು ಮಾತ್ರ ಬಿಡಿಸಿ, ಹಳೇ ಅರಗು ತೆಗೆದು, ತಿದ್ದಿ ಮತ್ತೆ ತುಂಬಿದರು. ತೀರಾ ಹರಿದಿದ್ದಕ್ಕೆ ಬದಲಿ ಗುಂಡು ಮಾಡಿದರು. ಹೊಸದಾಗಿ ಪೋಣಿಸಿದ ಮೇಲೆ ಯಾವುದು ಹಳೇದು, ಯಾವುದು ಹೊಸದು ಗೊತ್ತಾಗಲ್ಲ.

ಅರಗಿಗೂ ತೂಕ ಇರುತ್ತದೆ. ಹಾಗಾಗಿ ಹೊಸ ಗುಂಡಿನ ತೂಕವನ್ನು ಅರಗು ತುಂಬುವ ಮೊದಲೇ ಹಾಕಿಸಿ. ಇಲ್ಲದಿದ್ದರೆ ಅರಗಿಗೆ ಚಿನ್ನದ ದುಡ್ಡು ಕೊಟ್ಟಂತೆ.

ಬೇರೆ ಹಳೇ ಚಿನ್ನ ಇದ್ದರೆ ಕರಗಿಸಿ, ಆದರೆ ಎದುರಿಗೇ. ಹರಳು, ಅರಗು, ದಾರ ತೆಗೆಸಿ ತೂಗಿಸಿ. ಕರಗಿದ ಮೇಲೆ ಆ ಗಟ್ಟಿಯನ್ನು ಮತ್ತೆ ತೂಗಿಸಿ, ಟಂಚ ನೋಡಿಸಿ. 20 ಗ್ರಾಂ ಗಟ್ಟಿಗೆ ಟಂಚ 85 ಬಂತು ಅಂದುಕೊಳ್ಳಿ. ಅಚ್ಚ ಚಿನ್ನ 17 ಗ್ರಾಂ. 916ರ ಲೆಕ್ಕಕ್ಕೆ ಸುಮಾರು 18.5 ಗ್ರಾಂ. "20 ಕೊಟ್ಟೆವು, 18.5 ಅಂತೀರಲ್ಲ" ಅಂತ ಮನೆಯವರು ಪತ್ತಾರರ ಮೇಲೆ ಎಗರುವ ಮೊದಲು ಈ ಲೆಕ್ಕ ಎಲ್ಲರಿಗೂ ಹೇಳಿಡಿ.

ಸಿಂಧನೂರಿನಿಂದ:
ಟೈಮ್ ಕೊಡಿ. ಅಕ್ಷಯ ತೃತೀಯ, ಮದುವೆ ಸೀಸನ್ ಹತ್ತಿರ ಬಂದರೆ ಒಂದೇ ಮನೆಯವರು ಎಷ್ಟು ಅಂತ ಮಾಡುತ್ತಾರೆ? ನಮ್ಮ ಕಡೆ ಬಹಳ ಪತ್ತಾರರು ಅಮಾವಾಸ್ಯೆ ದಿನ ಕೆಲಸ ಮುಟ್ಟುವುದಿಲ್ಲ, ಆ ದಿನ ಹೋಗಬೇಡಿ. ಪಾಟ್ಲಿಯ ಅಳತೆಗೆ, ಸರಾಗವಾಗಿ ಹೋಗುವ ಬಳೆ ಒಂದನ್ನು ಒಯ್ಯಿರಿ. ಬಳೆಯ ಅಳತೆ ಎರಡು-ನಾಲ್ಕು ಅಂದರೆ ಒಳ ಅಗಲ 2 ಇಂಚು, ಮೇಲೆ ಇಂಚಿನ 16ರಲ್ಲಿ 4 ಭಾಗ. ಬಳೆಗಾರರು ಕೈ ಒತ್ತಿ ಏರಿಸಿದ ಗಾಜಿನ ಬಳೆಯ ಅಳತೆ ಪಾಟ್ಲಿಗೆ ನಡೆಯಲ್ಲ. ಉಂಗುರ ಇದ್ದರೆ ಮಧ್ಯಾಹ್ನದ ಮೇಲೆ ಅಳತೆ ಕೊಡಿ. ನಮ್ಮ ಬಿಸಿಲಿಗೆ ಬೆರಳು ಊದುತ್ತದೆ, ಅಲ್ವಾ?

ಗಂಗಾವತಿಯಿಂದ, ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಪರೀಕ್ಷೆ ಮಾಡಿಸಬಹುದು ಅಂದ ಮೇಲೆ ಒಪ್ಪಿದರು, ಅವರೂ ಬರುತ್ತಾರಂತೆ. ಬೋರಮಾಳ ರಿಪೇರಿ ಮಾತ್ರ. ಒಂದು ಕೇಳುವುದಿದೆ. ಝುಮಕಿಗೆ ನಮ್ಮದೇ ಹಳೇ ಚಿನ್ನ ಕೊಟ್ಟರೂ ಬಿಲ್ ಬೇಕಾ?

ರಾಯಚೂರಿನಿಂದ:
ಬೇಕೇ ಬೇಕು. ನಿಮ್ಮ ಚಿನ್ನ ಎಷ್ಟು ತೂಕ, ಎಷ್ಟು ಟಂಚ ಅಂತ ಬರೆದ ಚೀಟಿ ಒಂದು, ಕೆಲಸ ಮುಗಿದ ಮೇಲೆ ಬಿಲ್ ಒಂದು. ಹೊಸ ಒಡವೆ ಕೊಂಡರೆ ಚಿನ್ನಕ್ಕೆ ಶೇ 3 ಜಿಎಸ್‌ಟಿ. ನಿಮ್ಮ ಚಿನ್ನ ಕೊಟ್ಟು ಮಾಡಿಸಿದರೆ, ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಮಜೂರಿಗೆ ಮಾತ್ರ ಶೇ 5 ಹಾಕುತ್ತಾರೆ. ಪಾಟ್ಲಿ ಸೇರಿ ಮೊತ್ತ 2 ಲಕ್ಷ ಮುಟ್ಟುವಂತಿದ್ದರೆ ಪೂರ್ತಿ ನಗದು ಕೊಡಲು ಕಾನೂನು ಬಿಡುವುದಿಲ್ಲ. ಬ್ಯಾಂಕ್ ಮೂಲಕ ಕೊಡಿ, ಪ್ಯಾನ್ ಕಾರ್ಡ್ ಜೊತೆಗಿರಲಿ.