ಸಹಾಯ ಬೇಕು: ಬೈಕಿನ ಏರ್ ಸಸ್ಪೆನ್ಷನ್ ತುಂಬಾ ನಿಧಾನ

ನಮಸ್ಕಾರ, ನಾನು ಉಡುಪಿಯವನು. ನನ್ನ ಟೂರಿಂಗ್ ಬೈಕಿನ ಹಿಂದಿನ, ಗಾಳಿಯ ಒತ್ತಡದಿಂದ ಭಾರ ಹೊರುವ ಏರ್ ಸಸ್ಪೆನ್ಷನ್‌ಗೆ ಗಾಳಿ ತುಂಬಲು ಈಗ ತುಂಬಾ ಹೊತ್ತು ಹಿಡಿಯುತ್ತಿದೆ. ಕಂಪ್ರೆಸರ್ ಓಡುವ ಸದ್ದು ಕೇಳುತ್ತದೆ, ಪ್ರೆಶರ್ ಮಾತ್ರ ಬೇಗ ಏರುವುದಿಲ್ಲ. ಹೆಂಡತಿ, ಸಾಮಾನು ಎಲ್ಲ ಸೇರಿದರೆ ಹಿಂಬದಿ ಕುಸಿದೇ ಇರುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಇದು ಅಪಾಯ ಅಲ್ವಾ?

ಪೈಪಿನ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಬರಲಿಲ್ಲ. ರಾತ್ರಿ ನಿಲ್ಲಿಸಿದರೂ ಪ್ರೆಶರ್ ಇಳಿಯುವುದಿಲ್ಲ. ಹಾಗಾಗಿ ಲೀಕ್ ಇರಲಿಕ್ಕಿಲ್ಲ. ಎಂಜಿನ್ ಓಡುತ್ತಿದ್ದರೆ ಸ್ವಲ್ಪ ಬೇಗ ತುಂಬುತ್ತದೆ. ವೈರಿಂಗ್‌ನಲ್ಲಿ ವೋಲ್ಟೇಜ್ ಬೀಳುತ್ತಿದೆಯಾ? ನಮ್ಮ ಕಡಲ ಉಪ್ಪುಗಾಳಿಗೆ ಕನೆಕ್ಟರ್ ಹಸಿರುಗಟ್ಟುವುದು ಜಾಸ್ತಿ. ಅಥವಾ ಕಂಪ್ರೆಸರಿನ ಪಿಸ್ಟನ್ ರಿಂಗ್ ಸವೆದಿರಬಹುದಾ?

ಸುಮ್ನೆ ಇಡೀ ಕಂಪ್ರೆಸರ್ ಬದಲಿಸಲು ಮನಸ್ಸಿಲ್ಲ. ಮಂಗಳೂರು, ಉಡುಪಿ ಕಡೆ ಇದನ್ನು ಬಿಚ್ಚಿ ಸರಿಮಾಡುವ ಮೆಕ್ಯಾನಿಕ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.